ಪೀಸ್ ಪೋಸ್ಟಿಂಗ್‌ನಲ್ಲಿ ಬಂದ ಬೆನ್ನುನೋವು ಯಾರ ಲೆಕ್ಕಕ್ಕೆ?

2025ರ ಜುಲೈ 1ರಂದು ದೆಹಲಿ ಹೈಕೋರ್ಟ್ ಕೇಂದ್ರ ಸರ್ಕಾರದ ಸುಮಾರು 300 ಅರ್ಜಿಗಳನ್ನು ಒಟ್ಟಿಗೇ ತಳ್ಳಿಹಾಕಿತು. ಎಲ್ಲವೂ ಮಾಜಿ ಸೈನಿಕರ ಡಿಸೆಬಿಲಿಟಿ ಪೆನ್ಷನ್‌ಗೆ, ಅಂದರೆ ಸೇವೆಯಿಂದ ಬಂದ ಇಲ್ಲವೇ ಜಾಸ್ತಿಯಾದ ಅಂಗವೈಕಲ್ಯಕ್ಕೆ ಕೊಡುವ ಪೆನ್ಷನ್‌ಗೆ, ಸಂಬಂಧಪಟ್ಟವು. ಪೆನ್ಷನ್ ಕೊಡಿ ಎಂದು ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಹೇಳಿತ್ತು. ಅದನ್ನು ಒಪ್ಪದೆ ರಕ್ಷಣಾ ಸಚಿವಾಲಯ ಹೈಕೋರ್ಟಿಗೆ ಹೋಗಿತ್ತು. ಅದಕ್ಕೂ ಮೂರು ತಿಂಗಳ ಹಿಂದೆ, ಮಾರ್ಚ್ 27ರಂದು, ಅದೇ ಹೈಕೋರ್ಟಿನ ಇನ್ನೊಂದು ಪೀಠ ಸಕ್ಕರೆ ಕಾಯಿಲೆ ಬಂದ ಸೈನಿಕರೊಬ್ಬರ ಪ್ರಕರಣದಲ್ಲಿ ಮುಖ್ಯವಾದ ಮಾತೊಂದನ್ನು ಹೇಳಿತ್ತು. ಕಾಯಿಲೆ ಕಾಣಿಸಿಕೊಂಡದ್ದು 'ಪೀಸ್' ಜಾಗದಲ್ಲಿ ಎಂಬ ಒಂದೇ ಕಾರಣಕ್ಕೆ ಪೆನ್ಷನ್ ನಿರಾಕರಿಸುವ ಹಾಗಿಲ್ಲ ಅನ್ನುವುದೇ ಆ ಮಾತು.

ಈ ಎರಡು ತೀರ್ಪುಗಳ ಸುದ್ದಿ ಪುಣೆಯ ಖಡಕಿ, ದಿಘಿ, ಧಾನೋರಿ, ವಿಶ್ರಾಂತವಾಡಿ ಕಡೆಯ ಕನ್ನಡ ಮನೆಗಳಿಗೂ ಬಂತು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಸೇನೆಗೆ ಸೇರಿ, ರಿಟೈರ್ ಆದ ಮೇಲೆ ಇಲ್ಲೇ ಮನೆ ಮಾಡಿಕೊಂಡವರು ಜಾಸ್ತಿ ಇರುವ ಜಾಗಗಳಿವು. ಆದರೆ ಸುದ್ದಿ ಬಾಯಿಂದ ಬಾಯಿಗೆ ಹೋಗುವಾಗ ಎರಡು ತಪ್ಪು ರೂಪ ಪಡೆಯಿತು. ಬಿಪಿ, ಶುಗರ್ ಇದ್ದವರಿಗೆಲ್ಲ ಇನ್ನು ಪೆನ್ಷನ್ ಗ್ಯಾರಂಟಿ ಅನ್ನುವುದು ಒಂದು. 2023ರ ಹೊಸ ನಿಯಮದಿಂದ ಎಲ್ಲ ಬಂದ್ ಆಗಿದೆ, ಈಗ ಓಡಾಡಿ ಪ್ರಯೋಜನ ಇಲ್ಲ ಅನ್ನುವುದು ಇನ್ನೊಂದು. ಎರಡೂ ನಿಜವಲ್ಲ. ನಿಜ ಏನು ಅಂತ ತಿಳಿಯಬೇಕಾದರೆ 'ಪೀಸ್' ಅನ್ನುವ ಆ ಒಂದು ಶಬ್ದದಿಂದಲೇ ಶುರು ಮಾಡಬೇಕು.

'ಪೀಸ್' ಅಂದರೆ ಶಾಂತಿ ಅಲ್ಲ

ಸೇನೆಯಲ್ಲಿ ಪೋಸ್ಟಿಂಗ್ ಎರಡು ಬಗೆ. ಗಡಿ, ಎತ್ತರದ ಬೆಟ್ಟ, ಉಗ್ರರ ಹಾವಳಿ ಇರುವ ಜಾಗ ಇವೆಲ್ಲ ಫೀಲ್ಡ್. ಪುಣೆ, ಬೆಳಗಾವಿ, ಬೆಂಗಳೂರಿನಂಥ ಕಂಟೋನ್ಮೆಂಟ್ ಊರುಗಳು ಪೀಸ್. ಎರಡು ಮೂರು ವರ್ಷ ಫೀಲ್ಡ್‌ನಲ್ಲಿ ಇದ್ದವರನ್ನು ಆಮೇಲೆ ಪೀಸ್‌ಗೆ ಕಳಿಸುತ್ತಾರೆ. ಪೀಸ್‌ನಲ್ಲಿ ಕ್ವಾರ್ಟರ್ಸ್ ಸಿಗುತ್ತದೆ, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು, ಮಕ್ಕಳು ಶಾಲೆಗೆ ಹೋಗುತ್ತವೆ.

ಅಂದರೆ ಈ ವಿಂಗಡಣೆ ಹುಟ್ಟಿದ್ದು ಮನೆ, ಭತ್ಯೆ, ಸಂಸಾರ, ಬದಲಿ ಇವುಗಳ ಅನುಕೂಲಕ್ಕೆ. ಸೈನಿಕನ ಮೈಗೆ ಏನಾಗುತ್ತದೆ ಅಂತ ಅಳೆಯುವುದಕ್ಕೆ ಯಾರೂ ಇದನ್ನು ಮಾಡಿದ್ದಲ್ಲ. ಗೊಂದಲದ ಬೇರು ಇಲ್ಲೇ ಇದೆ. ಮನೆ ಹಂಚುವುದಕ್ಕೆ ಮಾಡಿದ ಗೆರೆಯನ್ನೇ ಮುಂದೆ ಕಾಯಿಲೆಯ ಕಾರಣ ಹುಡುಕುವುದಕ್ಕೂ ಬಳಸಿದರು.

ಶಬ್ದ ಕೇಳಿದವರಿಗೆ ಪೀಸ್ ಅಂದರೆ ಆರಾಮ ಅನ್ನಿಸುತ್ತದೆ. ಆದರೆ ಯುದ್ಧ ಇಲ್ಲದ ದಿನಗಳಲ್ಲಿ ಸೇನೆ ಏನು ಮಾಡುತ್ತದೆ? 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪ ಆಯಿತು. ಬೀದರ್, ಕಲಬುರಗಿ ಮಂದಿಗೂ ಆ ನಡುಕ ನೆನಪಿದೆ. ಅಲ್ಲಿ ಅವಶೇಷ ಸರಿಸಿ ಹೆಣ ತೆಗೆದವರಲ್ಲಿ ಸೈನಿಕರೂ ಇದ್ದರು. 2017ರ ಸೆಪ್ಟೆಂಬರ್ 29ರಂದು ಮುಂಬೈನ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ ಕಾಲುಸೇತುವೆಯಲ್ಲಿ ನೂಕುನುಗ್ಗಲಾಗಿ 23 ಜನ ಸತ್ತರು. ಹೊಸ ಸೇತುವೆ ಕಟ್ಟಲು ಬಂದವರು ಖಡಕಿಯಲ್ಲಿ ಕೇಂದ್ರ ಇರುವ ಬಾಂಬೆ ಸ್ಯಾಪರ್ಸ್ ಎಂಬ ಸೇನಾ ಇಂಜಿನಿಯರ್ ಪಡೆಯವರು. ಮುಂದಿನ ಫೆಬ್ರವರಿ ಕೊನೆಗೆ ಅದು ಓಡಾಟಕ್ಕೆ ತೆರೆಯಿತು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಪಂಚಗಂಗಾ ಉಕ್ಕಿ ಸಾಂಗ್ಲಿ, ಕೊಲ್ಹಾಪುರ, ಬೆಳಗಾವಿ ಮುಳುಗಿದಾಗಲೂ ದೋಣಿ ಹಾಕಿದ್ದು ಸೇನೆಯೇ.

ಇನ್ನೊಂದು ಲೆಕ್ಕ ನೋಡಿ. 1999ರ ಕಾರ್ಗಿಲ್ ಯುದ್ಧದಲ್ಲಿ ನಮ್ಮ 527 ಸೈನಿಕರು ಪ್ರಾಣ ಕೊಟ್ಟರು. ಸಂಸತ್ತಿನ ಮೇಲೆ ದಾಳಿ ಆದ ಮೇಲೆ, 2001ರ ಡಿಸೆಂಬರ್‌ನಿಂದ 2002ರ ಅಕ್ಟೋಬರ್ ತನಕ, 'ಆಪರೇಷನ್ ಪರಾಕ್ರಮ್' ಹೆಸರಲ್ಲಿ ಸೇನೆ ಗಡಿಯಲ್ಲಿ ನಿಂತಿತು. ಯುದ್ಧ ಆಗಲೇ ಇಲ್ಲ. ಆದರೂ 798 ಸೈನಿಕರು ಸತ್ತರು ಎಂದು ಸರ್ಕಾರವೇ ಸಂಸತ್ತಿಗೆ ಹೇಳಿತು. ನೆಲಬಾಂಬ್ ಹೂಳುವಾಗ, ತೆಗೆಯುವಾಗ, ವಾಹನ ಉರುಳಿ ಹೋದ ಜೀವಗಳು ಅದರಲ್ಲಿವೆ. ಯುದ್ಧ ನಡೆಯದ ಹತ್ತು ತಿಂಗಳು ಯುದ್ಧಕ್ಕಿಂತ ಜಾಸ್ತಿ ಜನರನ್ನು ತೆಗೆದುಕೊಂಡಿತು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು 2016ರ ಫೆಬ್ರವರಿಯಲ್ಲಿ ಕರ್ನಾಟಕ ಹೇಗೆ ಕಾದು ಕುಳಿತಿತ್ತು, ನೆನಪಿದೆ ಅಲ್ವಾ? ಸಿಯಾಚಿನ್‌ನಲ್ಲಿ 2003ರಿಂದ ಗುಂಡಿನ ಸದ್ದು ನಿಂತಿತ್ತು. ಅವರನ್ನು ಆರು ದಿನ ಹೂತಿಟ್ಟದ್ದು ಹಿಮ, ಶತ್ರು ಅಲ್ಲ.

ಆರು ಜನ ಎತ್ತುವ ಪ್ಯಾನೆಲ್

ಸಾವಿನ ಲೆಕ್ಕ ಎಲ್ಲರಿಗೂ ಕಾಣುತ್ತದೆ. ಈ ವ್ಯಾಜ್ಯ ಇರುವುದು ಕಾಣದ ಸವೆತದ ಬಗ್ಗೆ.

ಇಂಜಿನಿಯರ್ ಪಡೆಯ ಒಂದು ಕೆಲಸ ನೋಡೋಣ. ಪುಣೆಯ ದಾಪೋಡಿಯಲ್ಲಿ, ಮುಳಾ ನದಿಯ ಪಕ್ಕ, ಮಿಲಿಟರಿ ಇಂಜಿನಿಯರಿಂಗ್ ಕಾಲೇಜಿದೆ. ಪಕ್ಕದ ಖಡಕಿಯಲ್ಲಿ ಸ್ಯಾಪರ್‌ಗಳ ತರಬೇತಿ. ಸೇತುವೆ ಕಟ್ಟುವುದು ಅವರ ಕಸುಬು. ಬಿಡಿಭಾಗಗಳನ್ನು ಜೋಡಿಸಿ ಕಟ್ಟುವ ಬೈಲಿ ಸೇತುವೆಯ ಒಂದು ಉಕ್ಕಿನ ಪ್ಯಾನೆಲ್ 259 ಕಿಲೋ ತೂಗುತ್ತದೆ. ಕ್ರೇನ್ ಇಲ್ಲದೆ ಕಟ್ಟುವುದೇ ಆ ಸೇತುವೆಯ ಹೆಚ್ಚುಗಾರಿಕೆ. ಹಾಗಾಗಿ ಆರು ಜನ, ಆಚೆ ಮೂರು ಈಚೆ ಮೂರು, ಅಡ್ಡ ಕೋಲು ಹಾಕಿ ಎತ್ತುತ್ತಾರೆ. ತಲೆಗೆ ಸುಮಾರು 43 ಕಿಲೋ. ಎಲ್ಲರೂ ಒಂದೇ ಕ್ಷಣಕ್ಕೆ ಏಳಬೇಕು, ಒಂದೇ ಕ್ಷಣಕ್ಕೆ ಇಳಿಸಬೇಕು. ಒಬ್ಬ ಅರೆಗಳಿಗೆ ತಡ ಮಾಡಿದರೂ ಉಳಿದವರ ಸೊಂಟಕ್ಕೆ ಬೀಳುತ್ತದೆ. ಕೆಳಗೆ ಒದ್ದೆ ಮಣ್ಣು, ಕಾಲಲ್ಲಿ ಬೂಟು. ಒಂದು ಸೇತುವೆಗೆ ಇಂಥ ಹತ್ತಾರು ಪ್ಯಾನೆಲ್ ಬೇಕು. ಕಟ್ಟಿದ ಮೇಲೆ ಬಿಚ್ಚಬೇಕು, ಯಾಕೆಂದರೆ ಅದು ಅಭ್ಯಾಸ. ನಾಳೆ ಮತ್ತೆ ಕಟ್ಟಬೇಕು.

ಇದು ಪೂರ್ತಿ ಪೀಸ್ ಜಾಗದ ಕೆಲಸ. ಹದಿನೇಳು ಇಪ್ಪತ್ತು ವರ್ಷ ಹೀಗೆ ದುಡಿದವರ ಬೆನ್ನುಮೂಳೆಯ ಡಿಸ್ಕ್ ಜಾರಿತು ಅನ್ನಿ. ಅದು ಕಾಣಿಸಿಕೊಂಡದ್ದು ಪುಣೆಯಲ್ಲಿ. ಕಾಗದದಲ್ಲಿ ಪುಣೆ ಅಂದರೆ ಪೀಸ್. ಪೀಸ್ ಅಂದ ಮೇಲೆ ಸೇವೆಗೂ ನೋವಿಗೂ ಸಂಬಂಧ ಇಲ್ಲ. ತರ್ಕ ಹೀಗೆ ಒಂದೊಂದೇ ಮೆಟ್ಟಿಲು ಇಳಿದುಬಿಡುತ್ತದೆ. ಮಧ್ಯೆ ಆ ಪ್ಯಾನೆಲ್ ಎಲ್ಲೂ ಬರುವುದಿಲ್ಲ.

ಒಂದು ಫಾರ್ಮು, ಒಂದು ಕಾಲಂ

ಸೇವೆ ಮುಗಿಯುವ ಮುಂಚೆ, ಕಾಯಿಲೆಯೋ ಪೆಟ್ಟೋ ದಾಖಲಾಗಿದ್ದವರನ್ನು ರಿಲೀಸ್ ಮೆಡಿಕಲ್ ಬೋರ್ಡ್ ಎದುರು ಕೂರಿಸುತ್ತಾರೆ. ಸೇನಾ ವೈದ್ಯರ ಮಂಡಳಿ ಅದು. ಅದರ ಫಾರ್ಮಿನ ಮೊದಲ ಭಾಗದಲ್ಲಿ ಸೈನಿಕ ಎಲ್ಲೆಲ್ಲಿ ಇದ್ದ, ಯಾವಾಗಿನಿಂದ ಯಾವಾಗಿನ ತನಕ ಎಂಬ ಪಟ್ಟಿ. ಪ್ರತಿ ಊರಿನ ಎದುರಿಗೆ ಪೀಸ್ ಅಥವಾ ಫೀಲ್ಡ್ ಎಂದು ಬರೆಯುವ ಸಣ್ಣ ಜಾಗ. ಮುಂದಿನ ಪುಟಗಳಲ್ಲಿ ಕಾಯಿಲೆ ಯಾವಾಗ, ಎಲ್ಲಿ ಶುರುವಾಯಿತು ಅಂತ ಬರೆಯಬೇಕು. ಆಮೇಲೆ ಬರುವುದು ಎಲ್ಲಕ್ಕಿಂತ ಮುಖ್ಯವಾದ ಕೋಷ್ಟಕ. ಸೇವೆಯಿಂದ ಬಂದದ್ದೇ? ಸೇವೆಯಿಂದ ಜಾಸ್ತಿಯಾದದ್ದೇ? ಸೇವೆಗೆ ಸಂಬಂಧವೇ ಇಲ್ಲವೇ? ಒಂದೊಂದಕ್ಕೂ ಹೌದು ಅಥವಾ ಇಲ್ಲ. ಕೊನೆಯಲ್ಲಿ ಕಾರಣ ಬರೆಯುವ ಕಾಲಂ.

ಮೊದಲೆರಡಕ್ಕೂ 'ಇಲ್ಲ' ಬಿದ್ದರೆ ಸೈನಿಕರ ಮಾತಿನಲ್ಲಿ ಅದಕ್ಕೆ 'ನಾನಾ' ಅನ್ನುತ್ತಾರೆ. ಸೇವೆಯಿಂದ ಬಂದದ್ದೂ ಅಲ್ಲ, ಜಾಸ್ತಿಯಾದದ್ದೂ ಅಲ್ಲ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು ಸೇರಿ ಆದ ಶಬ್ದ. ನಾನಾ ಬಿದ್ದರೆ ಡಿಸೆಬಿಲಿಟಿ ಪೆನ್ಷನ್ ಇಲ್ಲ. ವ್ಯಾಜ್ಯಕ್ಕೆ ಹೋದ ಎಷ್ಟೋ ಫಾರ್ಮುಗಳಲ್ಲಿ ಕಾರಣದ ಕಾಲಂನಲ್ಲಿ ಇದ್ದದ್ದು ಇಷ್ಟೇ: ಶುರುವಾದದ್ದು ಪೀಸ್‌ನಲ್ಲಿ, ಸೇವೆಯ ಒತ್ತಡಕ್ಕೂ ಇದಕ್ಕೂ ಹತ್ತಿರದ ಸಂಬಂಧ ಕಾಣುವುದಿಲ್ಲ.

ವೈದ್ಯರು ಹೀಗೆ ಬರೆಯುವುದಕ್ಕೂ ಕಾರಣ ಇದೆ, ಅವರೊಬ್ಬರನ್ನೇ ದೂರುವುದು ಸರಿಯಲ್ಲ. ಅವರ ಕೈಯಲ್ಲಿ ಒಂದು ಮಾರ್ಗದರ್ಶಿ ಪುಸ್ತಕ ಇರುತ್ತದೆ. ಅದರ 2008ರ ಆವೃತ್ತಿಯಲ್ಲಿ ಬಿಪಿ ಮತ್ತು ಶುಗರ್ ಬಗ್ಗೆ, ಫೀಲ್ಡ್, ಎತ್ತರದ ಪ್ರದೇಶ, ಉಗ್ರರ ವಿರುದ್ಧದ ಕಾರ್ಯಾಚರಣೆ ಅಥವಾ ಬಹಳ ದಿನ ಹಡಗಿನಲ್ಲಿ ಇರುವಾಗ ಶುರುವಾಗಿದ್ದರೆ ಸೇವೆಯಿಂದ ಜಾಸ್ತಿಯಾಯಿತು ಎಂದು ಒಪ್ಪಬಹುದು ಅಂತ ಇದೆ. ಪೀಸ್‌ನಲ್ಲಿ ಶುರುವಾದರೆ? ಅದಕ್ಕೆ ಪುಸ್ತಕದಲ್ಲಿ ಅಂಥ ಸ್ಪಷ್ಟ ಜಾಗ ಇಲ್ಲ. ಹಾಗಾಗಿ 'ಇಲ್ಲ' ಎಂದು ಬರೆಯುವುದು ರೂಢಿಯಾಯಿತು.

ಬೇಸರದ ಸಂಗತಿ ಏನೆಂದರೆ, ಸೇನಾ ವೈದ್ಯಕೀಯ ಸೇವೆಯ 1983ರ ನಿಯಮಾವಳಿ ಇದಕ್ಕೆ ಉಲ್ಟಾ ಹೇಳುತ್ತದೆ. ಅದರ 423ನೇ ಪ್ಯಾರಾ ಪ್ರಕಾರ, ಕಾರಣ ಘಟಿಸಿದ್ದು ಫೀಲ್ಡ್‌ನಲ್ಲೋ ಮಾಮೂಲಿ ಪೀಸ್ ಪರಿಸ್ಥಿತಿಯಲ್ಲೋ ಅನ್ನುವುದು ಮುಖ್ಯವಲ್ಲ. ಸೇವೆಯ ಪರಿಸ್ಥಿತಿಗೂ ಕಾಯಿಲೆಗೂ ಕಾರಣದ ನಂಟು ಇದೆಯೇ ಅನ್ನುವುದಷ್ಟೇ ಮುಖ್ಯ. ಎಷ್ಟು ನೇರವಾದ ಮಾತು! ಇದು ಪುಸ್ತಕದಲ್ಲಿ ಇದ್ದೂ ಫಾರ್ಮಿನ ತನಕ ಇಳಿಯಲಿಲ್ಲ.

ದುಡ್ಡು ಎಷ್ಟು?

ಡಿಸೆಬಿಲಿಟಿ ಪೆನ್ಷನ್ ಅಂದರೆ ಲಕ್ಷಗಟ್ಟಲೆ ಅಂದುಕೊಂಡವರೂ ಇದ್ದಾರೆ. ಲೆಕ್ಕ ಹೀಗಿದೆ. ಯುದ್ಧದ ಗಾಯ ಬಿಟ್ಟು ಉಳಿದ ಪ್ರಕರಣಗಳಲ್ಲಿ, ನೂರಕ್ಕೆ ನೂರು ಅಂಗವೈಕಲ್ಯ ಇದ್ದರೆ ಕೊನೆಯ ಸಂಬಳದ 30% ಸಿಗುತ್ತದೆ. ವೈಕಲ್ಯ ಕಡಿಮೆ ಇದ್ದಷ್ಟೂ ಮೊತ್ತವೂ ಕಡಿಮೆ. 20%ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಏನೂ ಇಲ್ಲ.

ಲೆಕ್ಕಕ್ಕೆ ಬರುವ ಸಂಬಳ 50,000 ರೂಪಾಯಿ ಅಂತ ಇಟ್ಟುಕೊಳ್ಳಿ. 100% ವೈಕಲ್ಯಕ್ಕೆ ತಿಂಗಳಿಗೆ 15,000. ಬಿಪಿಗೆ ಬೋರ್ಡು 30% ಬರೆದಿದ್ದರೆ 4,500. ಆದರೆ ಕೋರ್ಟುಗಳು ಒಪ್ಪಿರುವ ಒಂದು ಪದ್ಧತಿ ಇದೆ. 50%ಕ್ಕಿಂತ ಕಡಿಮೆ ಇದ್ದರೆ ಅದನ್ನು 50 ಎಂದೂ, 50ರಿಂದ 75ರ ನಡುವೆ ಇದ್ದರೆ 75 ಎಂದೂ, ಅದಕ್ಕೂ ಮೇಲಿದ್ದರೆ 100 ಎಂದೂ ಎಣಿಸುತ್ತಾರೆ. ಪೂರ್ತಿ ಸೇವೆ ಮುಗಿಸಿ ರಿಟೈರ್ ಆದವರಿಗೂ ಇದು ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ಹೇಳಿತು. ಆಗ ಆ 4,500 ರೂಪಾಯಿ 7,500 ಆಗುತ್ತದೆ. ಮೇಲೆ ತುಟ್ಟಿಭತ್ಯೆ. ಹವಾಲ್ದಾರ್ ಆಗಿ ರಿಟೈರ್ ಆದವರ ಮನೆಗೆ ಇದು ಔಷಧಿ, ಮಗಳ ಫೀಸು. ಒಬ್ಬೊಬ್ಬರಿಗೆ ಸಣ್ಣದು, ಆದರೆ ಸಾವಿರಾರು ಜನಕ್ಕೆ ಜೀವನಪೂರ್ತಿ ಕೊಡುವ ಸರ್ಕಾರಕ್ಕೆ ದೊಡ್ಡದು. ಜಗ್ಗಾಟ ಇರುವುದು ಅದಕ್ಕೇ.

ಸರ್ಕಾರ ಸುಮ್ನೆ ಹಟ ಮಾಡುತ್ತಿದೆಯೇ?

ಹಾಗೆ ಅನ್ನುವುದು ಸುಲಭ, ಪೂರ್ತಿ ಸರಿಯಲ್ಲ. ಸರ್ಕಾರದ ವಾದಕ್ಕೂ ತೂಕ ಇದೆ.

ಬಿಪಿ, ಶುಗರ್ ಈ ದೇಶದಲ್ಲಿ ಯಾರಿಗೆ ಇಲ್ಲ? ಬ್ಯಾಂಕ್ ಗುಮಾಸ್ತರಿಗೂ ಬರುತ್ತದೆ, ಅಂಗಡಿ ಇಟ್ಟವರಿಗೂ ಬರುತ್ತದೆ. ನಲವತ್ತೈದು ದಾಟಿದ ಮೇಲೆ ಬಂದ ಕಾಯಿಲೆಯನ್ನೆಲ್ಲ ಸೇವೆಯ ತಲೆಗೆ ಕಟ್ಟಿದರೆ, ಗುಂಡೇಟು ತಿಂದು ಕಾಲು ಕಳೆದುಕೊಂಡವರಿಗೂ ಮಾತ್ರೆ ನುಂಗುವವರಿಗೂ ವ್ಯತ್ಯಾಸ ಏನು ಉಳಿಯುತ್ತದೆ? ಇದು ಸೇನೆಯ ಒಳಗಿನವರೇ ಕೇಳಿದ ಪ್ರಶ್ನೆ. ಡಿಸೆಬಿಲಿಟಿಯನ್ನು ಹೆಚ್ಚುವರಿ ದುಡ್ಡಿನ ದಾರಿ ಮಾಡಿಕೊಳ್ಳಬೇಡಿ ಎಂದು ಆಗಿನ ಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ 2018ರಲ್ಲಿ ಬಹಿರಂಗವಾಗಿಯೇ ಎಚ್ಚರಿಸಿದ್ದರು.

ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2023ರ ವರದಿ ಈ ವಾದಕ್ಕೆ ಅಂಕಿ ಕೊಟ್ಟಿತು. 2015-16ರಿಂದ 2019-20ರ ನಡುವೆ ರಿಟೈರ್ ಆದ ಅಧಿಕಾರಿಗಳಲ್ಲಿ 36ರಿಂದ 40% ಮಂದಿಗೆ ಡಿಸೆಬಿಲಿಟಿ ಪೆನ್ಷನ್ ಸಿಕ್ಕಿತ್ತು. ಉಳಿದ ದರ್ಜೆಯವರಲ್ಲಿ 15ರಿಂದ 18%. ಬಿಪಿ, ಶುಗರ್‌ನಂಥ ಜೀವನಶೈಲಿ ಕಾಯಿಲೆಗಳ ಪಾಲು ದೊಡ್ಡದು ಎಂದೂ ವರದಿ ಹೇಳಿತು.

ಈ ಅಂಕಿಯನ್ನು ಇನ್ನೊಂದು ಕಡೆಯಿಂದಲೂ ಓದಬೇಕು. ಪ್ಯಾನೆಲ್ ಎತ್ತುವವರು, ಸೆಂಟ್ರಿ ನಿಲ್ಲುವವರು, ಬೆಳಗಿನ ಜಾವ ಫಾಲ್‌ಇನ್ ಆಗುವವರು ಹೆಚ್ಚಾಗಿ ಜವಾನರು. ಆದರೆ ಅವರ ಪಾಲು ಅಧಿಕಾರಿಗಳ ಪಾಲಿನ ಅರ್ಧಕ್ಕೂ ಕಡಿಮೆ. ಅಧಿಕಾರಿಗಳು ಸೇವೆಯಲ್ಲಿ ಹೆಚ್ಚು ವರ್ಷ ಇರುತ್ತಾರೆ, ಹಾಗಾಗಿ ವಯಸ್ಸಿನ ಕಾಯಿಲೆಗಳೂ ಸೇವೆಯಲ್ಲಿ ಇರುವಾಗಲೇ ಕಾಣಿಸಿಕೊಳ್ಳುತ್ತವೆ, ನಿಜ. ಆದರೆ ಇನ್ನೊಂದು ಕಾರಣವನ್ನೂ ಮರೆಯಬಾರದು ಅನ್ನಿಸುತ್ತದೆ. ಫಾರ್ಮಿನ ಭಾಷೆ ಗೊತ್ತಿದ್ದವರು, ಏನು ಬರೆಸಬೇಕು ಅಂತ ಗೊತ್ತಿದ್ದವರು ಬರೆಸಿಕೊಂಡರು. ಮನೆಯಲ್ಲಿ ಕನ್ನಡ, ಬ್ಯಾರಕ್‌ನಲ್ಲಿ ಹಿಂದಿ, ಕಾಗದದಲ್ಲಿ ಇಂಗ್ಲಿಷ್ ಎದುರಿಸುವ ಜವಾನ ತೋರಿಸಿದ ಜಾಗದಲ್ಲಿ ಸಹಿ ಹಾಕಿ ಬಂದ.

ಕೋರ್ಟು ಹೇಳಿದ್ದು, ಹೇಳದೆ ಇದ್ದದ್ದು

ಸುಪ್ರೀಂ ಕೋರ್ಟಿನ 2013ರ ಧರಂವೀರ್ ಸಿಂಗ್ ತೀರ್ಪು ಈ ಇಡೀ ವಿಷಯದ ಬುನಾದಿ. ಸೇರುವಾಗ ವೈದ್ಯರು ಪರೀಕ್ಷೆ ಮಾಡಿ ಗಟ್ಟಿಮುಟ್ಟಾಗಿದ್ದಾನೆ ಎಂದು ಒಳಗೆ ತೆಗೆದುಕೊಂಡಿದ್ದಾರೆ. ಆಗ ಯಾವ ಕಾಯಿಲೆಯನ್ನೂ ಬರೆದಿಲ್ಲ. ಮುಂದೆ ಕಾಯಿಲೆಯಿಂದ ಹೊರಗೆ ಕಳಿಸಿದರೆ ಅದು ಸೇವೆಯಿಂದ ಬಂತು ಎಂದೇ ಹಿಡಿಯಬೇಕು. ಅಲ್ಲ ಅನ್ನುವುದಾದರೆ ಅದನ್ನು ತೋರಿಸುವ ಹೊಣೆ ಸೇನೆಯದು, ಸೈನಿಕನದಲ್ಲ. ಅನುಮಾನ ಇದ್ದರೆ ಅದರ ಲಾಭ ಸೈನಿಕನಿಗೆ.

ಆ ತೀರ್ಪು 1982ರ ನಿಯಮಗಳನ್ನು ಆಧರಿಸಿತ್ತು. 2008ರಲ್ಲಿ ಹೊಸ ನಿಯಮ ಬಂದು, ಸೇವೆಯಿಂದಲೇ ಬಂತು ಎಂದು ತಾನಾಗಿ ಹಿಡಿಯುವ ಮಾತನ್ನು ಕೈಬಿಟ್ಟಿತು. ಇದನ್ನೇ ಹಿಡಿದು ಸರ್ಕಾರ ಹೈಕೋರ್ಟಿನಲ್ಲಿ ವಾದಿಸಿತು. ಆದರೆ 2008ರ ನಿಯಮದಲ್ಲೂ, ಸಾಮಾನ್ಯವಾಗಿ ಸೈನಿಕನಿಂದ ಪುರಾವೆ ಕೇಳುವ ಹಾಗಿಲ್ಲ ಅನ್ನುವ ಮಾತು ಉಳಿದಿದೆ. ರಿಟೈರ್ ಆಗಿ 15 ವರ್ಷ ದಾಟಿ ಕ್ಲೇಮ್ ಹಾಕಿದರೆ ಮಾತ್ರ ಪುರಾವೆಯ ಹೊರೆ ಅವನ ಮೇಲೆ. ದೆಹಲಿ ಹೈಕೋರ್ಟ್ ಇದನ್ನು ಎತ್ತಿ ತೋರಿಸಿತು. ಸೇವೆಗೆ ಸಂಬಂಧ ಇಲ್ಲ ಅನ್ನುವ ಬೋರ್ಡು ಮತ್ತೆ ಯಾವುದರಿಂದ ಬಂತು ಅಂತ ಹೇಳಬೇಕು. ಮನೆತನದಿಂದ ಬಂದದ್ದೇ, ಊಟದ ಅಭ್ಯಾಸವೇ, ಕುಡಿತವೇ? ಪರೀಕ್ಷೆ ಮಾಡಿ ಬರೆಯಲಿ. ಸುಮ್ನೆ 'ಪೀಸ್‌ನಲ್ಲಿ ಶುರುವಾಯಿತು' ಅನ್ನುವುದು ಕಾರಣ ಅಲ್ಲ, ವಿಳಾಸ ಅಷ್ಟೇ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೂಡ ಬೇರೊಂದು ಪ್ರಕರಣದಲ್ಲಿ, ಕಾರಣ ಬರೆಯದ ಬೋರ್ಡಿನ ಅಭಿಪ್ರಾಯ ನಿಲ್ಲುವುದಿಲ್ಲ ಎಂದಿತು.

ಈಗ ಕೋರ್ಟು ಹೇಳದೆ ಇದ್ದದ್ದು. ಶುಗರ್ ಇದ್ದವರಿಗೆಲ್ಲ ಪೆನ್ಷನ್ ಕೊಡಿ ಎಂದು ಯಾವ ಕೋರ್ಟೂ ಹೇಳಿಲ್ಲ. ಬೋರ್ಡು ಒಳ್ಳೆಯ ಕಾರಣ ಬರೆದು 'ಇಲ್ಲ' ಎಂದಿದ್ದರೆ ಆ 'ಇಲ್ಲ' ಇಂದಿಗೂ ನಿಲ್ಲಬಹುದು. ಹಾಗಾಗಿ ಪಕ್ಕದ ಮನೆಯವರಿಗೆ ಸಿಕ್ಕಿತು, ನಮಗೂ ಸಿಗಬೇಕು ಅನ್ನುವ ಲೆಕ್ಕ ನಡೆಯುವುದಿಲ್ಲ. ಇಬ್ಬರ ಫಾರ್ಮಿನಲ್ಲಿ ಏನು ಬರೆದಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಹಾಗಾದರೆ ಸರ್ಕಾರ ಇಷ್ಟು ಮೇಲ್ಮನವಿ ಯಾಕೆ ಹಾಕಿತು? ಗೋವಾದ ಮನೋಹರ ಪರಿಕ್ಕರ್ ರಕ್ಷಣಾ ಸಚಿವರಾಗಿದ್ದಾಗ, 2015ರಲ್ಲಿ, ಇಂಥ ವ್ಯಾಜ್ಯ ಕಡಿಮೆ ಮಾಡಲೆಂದೇ ತಜ್ಞರ ಸಮಿತಿ ಮಾಡಿದ್ದರು. ಕೋರ್ಟು ಈಗಾಗಲೇ ತೀರ್ಮಾನಿಸಿದ ವಿಷಯದಲ್ಲಿ ಅಂಗವಿಕಲ ಸೈನಿಕರ ವಿರುದ್ಧ ಮೇಲ್ಮನವಿ ಬೇಡ ಎಂಬುದು ಅದರ ಸಲಹೆಯ ತಿರುಳು. ಹತ್ತು ವರ್ಷದ ಮೇಲೆ ಒಂದೇ ದಿನ 300 ಅರ್ಜಿ ಬಿದ್ದುಹೋದವು ಅಂದರೆ ಆ ಸಲಹೆ ಎಲ್ಲಿ ಉಳಿಯಿತು ಅಂತ ನೀವೇ ನೋಡಿ. ಇದರ ಬೆಲೆ ತೆತ್ತವರಲ್ಲಿ ವಯಸ್ಸಾದವರೂ ಇದ್ದಾರೆ. ವರ್ಷಗಳು ಅವರ ಹತ್ತಿರ ಜಾಸ್ತಿ ಇಲ್ಲ.

"ನಾವೇನು ಮಾಡೀವಿ?"

ಈ ವಿಷಯದಲ್ಲಿ ಯಾರೂ ಹೆಚ್ಚು ಮಾತಾಡದ ಒಂದು ಕಾರಣ ಇದೆ. ಅದು ಸೈನಿಕರ ಮನಸ್ಸಿನಲ್ಲೇ ಇದೆ.

ರಿಟೈರ್ ಆದವರನ್ನು ಮನೆಯ ಹುಡುಗರು ಕೇಳುವ ಮೊದಲ ಪ್ರಶ್ನೆ, "ಕಾಕಾ, ನೀವು ಯುದ್ಧ ಮಾಡೀರೇನು?" ಉತ್ತರ ಬರುವುದು, "ಇಲ್ಲಪಾ, ನಾವು ಪೀಸ್‌ನ್ಯಾಗ ಇದ್ದವ್ರು. ನಾವೇನು ಮಾಡೀವಿ?" ಇದು ವಿನಯದ ಮಾತು. 1971 ಆದ ಮೇಲೆ ಸೇರಿ ಕಾರ್ಗಿಲ್‌ಗೆ ಮುಂಚೆ ರಿಟೈರ್ ಆದ ಒಂದು ಇಡೀ ತಲೆಮಾರು ಹೀಗೆ ಹೇಳಿಕೊಳ್ಳುತ್ತದೆ. ಕಾರ್ಗಿಲ್ ಸಮಯದಲ್ಲಿ ಬೇರೆ ಕಡೆ ಡ್ಯೂಟಿ ಇದ್ದವರೂ ಹೀಗೇ ಅನ್ನುತ್ತಾರೆ. ಅವರ ಕಣ್ಣಲ್ಲಿ ಸೇವೆ ಅಂದರೆ ಗುಂಡಿನ ಎದುರು ನಿಂತವರದ್ದು. ತಮ್ಮದು ನೌಕರಿ.

ಈ ವಿನಯ ಸೇವೆಯಲ್ಲಿ ಇರುವಾಗಲೂ ಕೆಲಸ ಮಾಡುತ್ತದೆ, ಹಾನಿಯನ್ನೂ ಮಾಡುತ್ತದೆ. ಫೀಲ್ಡ್‌ನಲ್ಲಿ ಪೆಟ್ಟಾದರೆ ದಾಖಲೆ ಆಗುತ್ತದೆ. ಪುಣೆಯ ಮೈದಾನದಲ್ಲಿ ಕಂಪನಿ ಕಬಡ್ಡಿ ಆಡುವಾಗ ಮಂಡಿ ತಿರುಚಿದರೆ, ಪ್ಯಾನೆಲ್ ಇಳಿಸುವಾಗ ಬೆನ್ನು 'ಕಟ್' ಎಂದರೆ, ಮುಲಾಮು ಹಚ್ಚಿಕೊಂಡು ಮಲಗುತ್ತಾರೆ. ಬೆಳಿಗ್ಗೆ ಸಿಕ್ ರಿಪೋರ್ಟ್ ಮಾಡಿದರೆ ಕಾಮಚೋರ ಅಂತಾರೆ ಎಂಬ ಅಂಜಿಕೆ. ಅದಕ್ಕಿಂತ ದೊಡ್ಡ ಅಂಜಿಕೆ ಮೆಡಿಕಲ್ ಕೆಟಗರಿಯದು. ಪೂರ್ತಿ ಗಟ್ಟಿಮುಟ್ಟಾಗಿದ್ದರೆ ಶೇಪ್-1. ಅಲ್ಲಿಂದ ಕೆಳಗೆ ಬಿದ್ದರೆ ಕೋರ್ಸು ತಪ್ಪಬಹುದು, ಪ್ರಮೋಷನ್ ತಪ್ಪಬಹುದು. ನಾಯಕ್‌ನಿಂದ ಹವಾಲ್ದಾರ್ ಆಗಬೇಕಾದ ವರ್ಷದಲ್ಲಿ ಯಾರು ತಾನೆ ಬೆನ್ನುನೋವು ಅಂತ ಹೇಳಿಕೊಳ್ಳುತ್ತಾರೆ?

ಹೀಗಾಗಿ ಹದಿನೈದು ವರ್ಷದ ಸವೆತ ಕಾಗದದಲ್ಲಿ ಇರುವುದೇ ಇಲ್ಲ. ಕೊನೆಯ ಎರಡು ವರ್ಷದಲ್ಲಿ, ನೋವು ತಡೆಯಲಾಗದೆ ಆಸ್ಪತ್ರೆಗೆ ಹೋದಾಗ ಮೊದಲ ದಾಖಲೆ ಹುಟ್ಟುತ್ತದೆ. ಕೊನೆಯ ಪೋಸ್ಟಿಂಗ್ ಸಾಮಾನ್ಯವಾಗಿ ಮನೆಗೆ ಹತ್ತಿರ, ಅಂದರೆ ಪೀಸ್. ಕಾಯಿಲೆ ಹುಟ್ಟಿದ ದಿನ, ಬರೆದ ದಿನ ಎರಡೂ ಒಂದೇ ಎಂದು ಫಾರ್ಮು ನಂಬುತ್ತದೆ. 'ಪೀಸ್‌ನಲ್ಲಿ ಶುರುವಾಯಿತು' ಅನ್ನುವ ವಾಕ್ಯ ಎಷ್ಟೋ ಸಲ ಹೇಳುವುದು ಕಾಯಿಲೆ ಎಲ್ಲಿ ಶುರುವಾಯಿತು ಅಂತಲ್ಲ, ಸೈನಿಕ ಎಲ್ಲಿ ಬಾಯಿ ಬಿಟ್ಟ ಅಂತ.

2023ರಲ್ಲಿ ಬದಲಾದದ್ದು

2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಬಂದವು. ಕಾಯಿಲೆಯಿಂದಾಗಿ ಅರ್ಧಕ್ಕೆ ಮನೆಗೆ ಕಳಿಸಿದವರಿಗೂ, ಕಾಯಿಲೆ ಇಟ್ಟುಕೊಂಡೇ ಪೂರ್ತಿ ಸೇವೆ ಮುಗಿಸಿದವರಿಗೂ ಅವು ಗೆರೆ ಎಳೆದವು. ಎರಡನೆಯವರಿಗೆ ಸಿಗುವುದರ ಹೆಸರು 'ಇಂಪೇರ್‌ಮೆಂಟ್ ರಿಲೀಫ್' ಎಂದಾಯಿತು. ದರ ಕಡಿಮೆ ಮಾಡಿಲ್ಲ ಎಂದು ಸೇನೆ ಸ್ಪಷ್ಟಪಡಿಸಿತು. ಪೆನ್ಷನ್ ಹೋಗಿ ರಿಲೀಫ್ ಆದರೆ ಹಕ್ಕು ಹೋಗಿ ದಯೆ ಆದಂತೆ ಎಂಬುದು ಮಾಜಿ ಸೈನಿಕರ ಸಂಘಟನೆಗಳ ನೋವು. ಹೆಸರಿನ ಬಗ್ಗೆ ಯಾಕಿಷ್ಟು ಗಲಾಟೆ ಅನ್ನಬೇಡಿ. 'ಪೀಸ್' ಅನ್ನುವ ಒಂದು ಹೆಸರು ಏನೆಲ್ಲ ಮಾಡಿತು ಅಂತ ಈಗಷ್ಟೇ ನೋಡಿದೆವು.

ಮುಖ್ಯವಾಗಿ ಗಮನಿಸಬೇಕಾದದ್ದು, ಈ ನಿಯಮ ಹಳಬರಿಗೆ ಅನ್ವಯಿಸುವುದಿಲ್ಲ. 2023ರ ಸೆಪ್ಟೆಂಬರ್ 21ಕ್ಕೂ ಮುಂಚೆ ರಿಟೈರ್ ಆದವರ ಪ್ರಕರಣ ಆಯಾ ಕಾಲದ ನಿಯಮದ ಪ್ರಕಾರವೇ ನಡೆಯುತ್ತದೆ. ಎಲ್ಲ ಬಂದ್ ಆಯಿತು ಅನ್ನುವ ಮಾತು ಅದಕ್ಕೇ ತಪ್ಪು.

ತಡ ಮಾಡಿದರೆ ನಷ್ಟ ಮಾತ್ರ ಇದೆ. ತಡವಾಗಿ ಕೋರ್ಟಿಗೆ ಬಂದವರಿಗೆ ಹಿಂಬಾಕಿಯನ್ನು ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕಷ್ಟೇ ಕೊಡುತ್ತಾ ಬಂದಿದ್ದಾರೆ. ಇದು ಸುಪ್ರೀಂ ಕೋರ್ಟ್ 2008ರಲ್ಲಿ ಹಾಕಿಕೊಟ್ಟ ದಾರಿ. ಹಾದಿಯೂ ಉದ್ದ. ಮೊದಲ ಅಪೀಲು, ಎರಡನೇ ಅಪೀಲು, ಆಮೇಲೆ ನ್ಯಾಯಮಂಡಳಿ. ಮಹಾರಾಷ್ಟ್ರ, ಗೋವಾ, ಗುಜರಾತಿನವರಿಗೆ ನ್ಯಾಯಮಂಡಳಿಯ ಪೀಠ ಇರುವುದು ಮುಂಬೈನಲ್ಲಿ. ಖಡಕಿಯಲ್ಲಿ ಇರುವವರು ತಾರೀಕಿಗೆ ಅಲ್ಲಿಗೇ ಹೋಗಬೇಕು.

ಮುಂದಿನ ಸಾಲಿನಲ್ಲಿ ನಿಂತ ಹುಡುಗರು

ಈ ಗೆರೆಯಿಂದ ಹೊರಗೆ ಉಳಿದವರು ಇನ್ನೂ ಇದ್ದಾರೆ. ಪುಣೆಯ ಖಡಕವಾಸ್ಲಾದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇದೆ. ತರಬೇತಿಯಲ್ಲಿ ಬಿದ್ದು ಶಾಶ್ವತ ಗಾಯವಾದ ಕೆಡೆಟ್‌ಗಳನ್ನು ಮನೆಗೆ ಕಳಿಸಿದರೆ ಅವರಿಗೆ ಮಾಜಿ ಸೈನಿಕರ ಪಟ್ಟವೇ ಇಲ್ಲ, ಯಾಕೆಂದರೆ ತರಬೇತಿ ಇನ್ನೂ ಸೇವೆ ಅಲ್ಲ. ಪೆನ್ಷನ್ ಬದಲು ಒಂದಿಷ್ಟು ಪರಿಹಾರ ಧನ. 1985ರಿಂದ ಇಂಥವರು ಸುಮಾರು 500 ಮಂದಿ ಎಂಬ ಪತ್ರಿಕಾ ವರದಿ ನೋಡಿ, 2025ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ತಾನಾಗಿಯೇ ವಿಷಯ ಕೈಗೆತ್ತಿಕೊಂಡಿತು. ಅದಾದ ಮೇಲೆ ಸರ್ಕಾರ ಇವರನ್ನೂ ಮಾಜಿ ಸೈನಿಕರ ಆರೋಗ್ಯ ಯೋಜನೆಗೆ ಸೇರಿಸಿತು.

ಇದಕ್ಕಿಂತ ದೊಡ್ಡ ಸಂಖ್ಯೆ ಅಗ್ನಿವೀರರದು. 2022ರ ಜೂನ್‌ನಲ್ಲಿ ಘೋಷಣೆಯಾದ ಯೋಜನೆಯ ಮೊದಲ ತಂಡ 2023ರ ಶುರುವಿಗೆ ತರಬೇತಿಗೆ ಇಳಿಯಿತು. ಅವರ ನಾಲ್ಕು ವರ್ಷ 2026ರ ಕೊನೆ, 2027ರ ಆರಂಭದ ಹೊತ್ತಿಗೆ ಮುಗಿಯುತ್ತದೆ. ಮುಂದುವರಿಯುವವರು ಹೆಚ್ಚೆಂದರೆ 25%. ಉಳಿದವರಿಗೆ ಪೆನ್ಷನ್ ಇಲ್ಲ. ಸೇವೆಯಿಂದ ಬಂದ ಅಥವಾ ಜಾಸ್ತಿಯಾದ ಅಂಗವೈಕಲ್ಯ ಇದ್ದರೆ ಒಮ್ಮೆ ಮಾತ್ರ ಕೊಡುವ ಪರಿಹಾರ ಇದೆ. 100% ಇದ್ದರೆ 44 ಲಕ್ಷ, 75% ಇದ್ದರೆ 25 ಲಕ್ಷ, 50% ಇದ್ದರೆ 15 ಲಕ್ಷ ರೂಪಾಯಿ.

ಇದರ ಪರಿಣಾಮ ಯೋಚಿಸಿ. ಹಳೆಯ ಪದ್ಧತಿಯಲ್ಲಿ, ಪೂರ್ತಿ ಸೇವೆ ಮುಗಿಸಿದ್ದರೆ, ನಾನಾ ಬಿದ್ದವರಿಗೂ ಮಾಮೂಲಿ ಪೆನ್ಷನ್ ಆದರೂ ಇತ್ತು. ಡಿಸೆಬಿಲಿಟಿ ಅದರ ಮೇಲಿನ ಮೊತ್ತ. ಅಗ್ನಿವೀರನಿಗೆ ಆ ಒಂದು ಟಿಕ್ ಗುರುತಿನ ಮೇಲೆ ಎಲ್ಲವೂ ನಿಂತಿದೆ. ಜೊತೆಗೆ, ಮುಂದುವರಿಯುವ 25%ರಲ್ಲಿ ಹೆಸರು ಬರಲಿ ಎಂಬ ಆಸೆಗೆ ನಾಲ್ಕು ವರ್ಷವೂ ನೋವು ಮುಚ್ಚಿಡುವ ಒತ್ತಡ ಹಳಬರಿಗಿಂತ ಇವರಿಗೆ ಜಾಸ್ತಿ. ಇಪ್ಪತ್ತೊಂದರ ಹುಡುಗನಿಗೆ ಮಂಡಿ ನೋವು ಸಣ್ಣದಾಗಿ ಕಾಣುತ್ತದೆ. ನಲವತ್ತಕ್ಕೆ ಅದು ಹೇಗಿರುತ್ತದೆ ಅಂತ ಅವನಿಗೆ ಹೇಳಬಲ್ಲವರು ಮನೆಯಲ್ಲಿರುವ ಕಾಕಾ ಒಬ್ಬರೇ.

ಪುಣೆಗೆ ಗಾಯಗೊಂಡ ಸೈನಿಕರ ನಂಟು ಹಳೆಯದು. ಅಂಗವಿಕಲ ಸೈನಿಕರಿಗೆ ಕಸುಬು ಕಲಿಸುವ ಖಡಕಿಯ ಕ್ವೀನ್ ಮೇರೀಸ್ ಸಂಸ್ಥೆ 1917ರದ್ದು. ಕೃತಕ ಕೈಕಾಲು ಕೂರಿಸುವ ಕೇಂದ್ರ 1944ರದ್ದು. ಬೆನ್ನುಹುರಿಗೆ ಪೆಟ್ಟಾದವರ ಪುನರ್ವಸತಿ ಕೇಂದ್ರ 1974ರದ್ದು. ಗಾಯ ಕಣ್ಣಿಗೆ ಕಂಡರೆ ಈ ಊರಿಗೆ ಏನು ಮಾಡಬೇಕು ಅಂತ ಗೊತ್ತು. ಕಾಣದ ಗಾಯಕ್ಕೆ ಇರುವುದು ಕಾಗದ ಮಾತ್ರ.

ಸೇವೆಯಲ್ಲಿ ಇರುವವರಿಗೆ ಆ ಕಾಗದ ಹುಟ್ಟುವುದು ಎಂಐ ರೂಮ್‌ನಲ್ಲಿ, ಅಂದರೆ ಯೂನಿಟ್‌ನ ವೈದ್ಯಕೀಯ ತಪಾಸಣೆಯ ಕೋಣೆಯಲ್ಲಿ. ಪೆಟ್ಟಾದ ದಿನವೇ ಹೋಗಿ, ಪಿಟಿಯಲ್ಲಿ ಆಯಿತೋ, ಪ್ಯಾನೆಲ್ ಇಳಿಸುವಾಗ ಆಯಿತೋ ಅಂತ ಸ್ಪಷ್ಟವಾಗಿ ಬರೆಸಬೇಕು. ಇಂಜುರಿ ರಿಪೋರ್ಟ್ ಆಗಬೇಕಾದದ್ದಾದರೆ ಮಾಡಿಸಿ, ಅದರ ನಕಲು ಇಟ್ಟುಕೊಳ್ಳಬೇಕು. ರಿಟೈರ್ ಆದವರು ಮೊದಲು ತರಿಸಿಕೊಳ್ಳಬೇಕಾದದ್ದು ರಿಲೀಸ್ ಮೆಡಿಕಲ್ ಬೋರ್ಡಿನ ಪೂರ್ತಿ ವರದಿ. ರೆಕಾರ್ಡ್ ಆಫೀಸಿಗೆ ಅರ್ಜಿ ಕೊಟ್ಟು ಕೇಳಬಹುದು, ಮಾಹಿತಿ ಹಕ್ಕಿನಲ್ಲೂ ಕೇಳಬಹುದು. ವಕೀಲರ ಹತ್ತಿರ ಹೋಗುವ ಮುಂಚೆ ಮನೆಯಲ್ಲಿ ಇಂಗ್ಲಿಷ್ ಓದುವ ಮಗಳನ್ನೋ ಮೊಮ್ಮಗನನ್ನೋ ಪಕ್ಕ ಕೂರಿಸಿಕೊಂಡು, ಆ ಕೋಷ್ಟಕದ ಕೊನೆಯ ಕಾಲಂ ಒಂದನ್ನು ಓದಿಸಿಕೊಳ್ಳಿ. ಅಲ್ಲಿ ಕಾರಣ ಬರೆದಿದೆಯೋ, ಊರಿನ ಹೆಸರಷ್ಟೇ ಬರೆದಿದೆಯೋ?